ಫೈಟರ್ ಪೈಲಟ್ ಆಗುವ ದಾರಿಯನ್ನು ಮಕ್ಕಳಿಗೆ ಹತ್ತನೇ ತರಗತಿಯಲ್ಲೇ ಹೇಳಿ

ಮಾನ್ಯ ಸಂಪಾದಕರೇ,

ಹತ್ತು, ಹನ್ನೆರಡನೇ ತರಗತಿಯ ರಿಸಲ್ಟ್ ಬಂದ ಕೂಡಲೇ ಮುಂದೇನು ಓದಬೇಕು ಅಂತ ಎಲ್ಲ ಪತ್ರಿಕೆಗಳಲ್ಲೂ ಲೇಖನಗಳು ಬರುತ್ತವೆ. ಒಳ್ಳೆಯದೇ. ಆದರೆ ಎಂಜಿನಿಯರಿಂಗ್, ಮೆಡಿಕಲ್, ಸಿಎ ದಾಟಿ ಆಚೆ ಹೋಗುವುದು ಕಡಿಮೆ. ಶಾಲೆ ಮುಗಿಸಿದ ಹುಡುಗನೋ ಹುಡುಗಿಯೋ ವಾಯುಪಡೆಯ ಫೈಟರ್ ಪೈಲಟ್ ಆಗಬೇಕೆಂದರೆ ಏನು ಮಾಡಬೇಕು ಅನ್ನೋದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಪುಣೆಯ ವಾರಜೆಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರ ಮಕ್ಕಳು ನನ್ನ ಹತ್ತಿರ ಜಾಸ್ತಿ. ಈ ಊರಲ್ಲಿ ಬೆಳೆದವರಿಗೆ ವಿಮಾನ ಹಾರಿಸುವ ಆಸೆ ಹುಟ್ಟೋದು ಸಹಜ ಅಲ್ವಾ? ಲೋಹಗಾಂವ್ ವಾಯುನೆಲೆಯಿಂದ ಮೇಲೇಳುವ ಸುಖೋಯ್ ಯುದ್ಧವಿಮಾನಗಳ ಸದ್ದು ಕೇಳುತ್ತಲೇ ದೊಡ್ಡವರಾಗುತ್ತಾರೆ. ಇತ್ತ ಶಿವಣೆ ದಾಟಿದರೆ ಎನ್‌ಡಿಎ ಗೇಟು, ಅಂದರೆ ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಭಾನುವಾರ ಸಿಂಹಗಡಕ್ಕೆ ಹೋಗುವಾಗ ಖಡಕವಾಸ್ಲಾ ಡ್ಯಾಂ ಹತ್ತಿರ ಗಾಡಿ ನಿಲ್ಲಿಸಿ ಸುಟ್ಟ ಜೋಳದ ತೆನೆ ತಿನ್ನದ ಮನೆ ಇಲ್ಲ. ಆಚೆ ದಡದಲ್ಲಿ ಕಾಣುವ ಆ ಅಕಾಡೆಮಿ 1955ರ ಜನವರಿಯಿಂದ ಅಲ್ಲಿದೆ. ಅದರೊಳಗೆ ಹೋಗುವುದು ಹೇಗೆ ಅಂತ ಕೇಳಿದರೆ ಮಾತ್ರ ಹತ್ತು ಮನೆಯಲ್ಲಿ ಹತ್ತು ಉತ್ತರ ಬರುತ್ತದೆ, ಅದರಲ್ಲಿ ಒಂದೋ ಎರಡೋ ಸರಿ ಇರುತ್ತವೆ ಅಷ್ಟೇ.

ನಾನು ನೋಡಿರುವ ಹಾಗೆ ಆಸೆಯೂ ಬುದ್ಧಿಯೂ ಎರಡೂ ಇದ್ದ ಮಕ್ಕಳು ಈ ದಾರಿ ತಪ್ಪಿಸಿಕೊಳ್ಳುವುದು ಒಂದೇ ಕಾರಣಕ್ಕೆ. ಅವರಿಗೆ ತಡವಾಗಿ ಗೊತ್ತಾಗುತ್ತದೆ.

ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ. ಮದುವೆಯಾಗಿರಬಾರದು. ಕೋರ್ಸ್ ಶುರುವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗಿರಬೇಕು. ಅಂದರೆ ಒಟ್ಟು ಮೂರು ವರ್ಷದ ಕಿಂಡಿ. ಇದರಲ್ಲಿ ಜಾತಿ, ವರ್ಗ ಅಂತ ಯಾವ ಸಡಿಲಿಕೆಯೂ ಇಲ್ಲ, ಒಂದು ದಿನ ಜಾಸ್ತಿಯಾದರೂ ಮುಗಿಯಿತು. ಹನ್ನೆರಡನೇ ತರಗತಿ ಓದುತ್ತಿರುವಾಗಲೇ ಪರೀಕ್ಷೆ ಬರೆಯಬಹುದು, ಇದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಮೊದಲು ಹನ್ನೆರಡನೆಯದು ಮುಗಿಸಲಿ, ಆಮೇಲೆ ನೋಡೋಣ ಅಂತ ಕೂತರೆ ಎರಡು ಮೂರು ಅವಕಾಶ ಹಾಗೇ ಕೈಬಿಟ್ಟು ಹೋಗುತ್ತವೆ.

ಇನ್ನೊಂದು ಮಾತು ಹತ್ತನೇ ತರಗತಿಯಲ್ಲೇ ಗೊತ್ತಿರಬೇಕು. ಭೂಸೇನೆಯ ವಿಭಾಗಕ್ಕೆ ಯಾವ ವಿಷಯದಲ್ಲಿ ಹನ್ನೆರಡನೇ ತರಗತಿ ಓದಿದ್ದರೂ ನಡೆಯುತ್ತದೆ. ವಾಯುಪಡೆ, ನೌಕಾಪಡೆಗೆ ಹಾಗಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು. ಇಲ್ಲಿ ಮಹಾರಾಷ್ಟ್ರದಲ್ಲಿ ಡಾಕ್ಟರ್ ಮಾಡಬೇಕು ಅಂತ ಹನ್ನೊಂದನೇ ತರಗತಿಯಲ್ಲೇ ಗಣಿತ ಬಿಡಿಸಿ ಬಯಾಲಜಿ ಕೊಡಿಸುವ ಮನೆಗಳು ತುಂಬ. ಹಾಗೆ ಗಣಿತ ಬಿಟ್ಟ ಒಬ್ಬ ಹುಡುಗಿ ಹನ್ನೆರಡನೇ ತರಗತಿಯ ದೀಪಾವಳಿ ರಜೆಯಲ್ಲಿ ನನ್ನ ಹತ್ತಿರ ಬಂದಿದ್ದಳು. ಎನ್‌ಸಿಸಿಯಲ್ಲಿ ಚೆನ್ನಾಗಿ ಮಾಡಿದವಳು, ಓಟದಲ್ಲಿ ಮುಂದು, ಮಾತಿನಲ್ಲಿ ಚುರುಕು. ಹಾರಬೇಕು ಅಂತ ಅವಳಿಗೆ ಮೊದಲಿನಿಂದಲೂ ಇತ್ತು, ಯಾರಿಗೂ ಹೇಳಿರಲಿಲ್ಲ. ಅವಳಮ್ಮ ಪಕ್ಕದಲ್ಲಿ ಕೂತು "ಇಷ್ಟ ದಿನ ಯಾರೂ ಹೇಳಲಿಲ್ಲಲ್ರೀ ಮೇಡಂ" ಅಂದರು. ಅವರನ್ನು ಏನನ್ನಲಿ? ಶಾಲೆಯಲ್ಲಿ ಹೇಳಿಲ್ಲ, ಸಂಘದಲ್ಲಿ ಹೇಳಿಲ್ಲ, ಪೇಪರಲ್ಲೂ ಓದಿಲ್ಲ.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅತಿ ಹೆಚ್ಚು ದುಡ್ಡು ಮತ್ತು ಕಣ್ಣೀರು ಪೋಲಾಗುವುದು ಇಲ್ಲೇ. ವಾಯುಪಡೆಯ ಫ್ಲೈಯಿಂಗ್ ವಿಭಾಗಕ್ಕೆ ಒಂದು ಕಣ್ಣಿನ ದೃಷ್ಟಿ 6/6, ಅಂದರೆ ಪೂರ್ತಿ ಸರಿ, ಇನ್ನೊಂದರದ್ದು 6/9, ಅಂದರೆ ಸ್ವಲ್ಪವೇ ಕಡಿಮೆ ಇರಬೇಕು. ಆ 6/9 ಕೂಡ ಸಣ್ಣ ಪ್ಲಸ್ ನಂಬರಿನಿಂದ ಸರಿಹೋಗುವಂಥದ್ದಾಗಿರಬೇಕು. ಮೈನಸ್ ನಂಬರ್ ಇದ್ದರೆ ನಡೆಯುವುದಿಲ್ಲ. ಬಣ್ಣ ಗುರುತಿಸುವುದರಲ್ಲಿ ದೋಷ ಇರಬಾರದು. ಲೇಸರ್ ಮಾಡಿಸಿ ಕನ್ನಡಕ ತೆಗೆಸಿದರಾಯಿತು ಅಂತ ಕೆಲವರು ಹದಿನೇಳು ವರ್ಷದ ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎನ್‌ಡಿಎ ಮೂಲಕ ಹೋಗುವವರಿಗೆ ಅದು ನಡೆಯುವುದಿಲ್ಲ, ಮುಂದೆ ಡಿಗ್ರಿ ಆದ ಮೇಲೆ ಇರುವ ಇನ್ನೊಂದು ದಾರಿಯೂ ಅದರಿಂದ ಮುಚ್ಚಿಹೋಗಬಹುದು, ಅಲ್ಲಿ ಇಪ್ಪತ್ತು ವರ್ಷ ತುಂಬುವ ಮೊದಲು ಮಾಡಿಸಿಕೊಂಡ ಲೇಸರ್ ಒಪ್ಪುವುದಿಲ್ಲ.

ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಅದಷ್ಟೇ ಅಲ್ಲ, ಕಾಲಿನ ಉದ್ದ, ತೊಡೆಯ ಉದ್ದ, ಕೂತಾಗಿನ ಎತ್ತರ ಇವನ್ನೂ ಅಳೆಯುತ್ತಾರೆ. ಕಾಕ್‌ಪಿಟ್‌ನಲ್ಲಿ ಪೆಡಲ್‌ಗೆ ಕಾಲು ಎಟುಕಬೇಕು, ಅಪಾಯದಲ್ಲಿ ಸೀಟು ಸಮೇತ ಹೊರಗೆ ಚಿಮ್ಮುವಾಗ ಮೊಣಕಾಲು ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿಯಬಾರದು, ತಲೆ ಮೇಲಿನ ಗಾಜಿಗೆ ತಾಗಬಾರದು. ಇದನ್ನು ಮನೆಯಲ್ಲೇ ನೋಡಬಹುದು. ಹುಡುಗನನ್ನು ನೆಲದ ಮೇಲೆ ಗೋಡೆಗೆ ಬೆನ್ನು, ಸೊಂಟ ಎರಡೂ ಒತ್ತಿ ಕೂರಿಸಿ, ಮೊಣಕಾಲು ಮೇಲೇಳದ ಹಾಗೆ ಕಾಲು ಚಾಚಿಸಿ, ಗೋಡೆಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿಯಿರಿ. 99ರಿಂದ 120 ಸೆಂಟಿಮೀಟರ್ ಒಳಗೆ ಬರಬೇಕು. ಆಮೇಲೆ ಗೋಡೆಗೆ ಒತ್ತಿಟ್ಟ ಸ್ಟೂಲಿನ ಮೇಲೆ ಕೂರಿಸಿ ಅಳೆದರೆ, ಗೋಡೆಯಿಂದ ಮಡಚಿದ ಮೊಣಕಾಲಿನ ತುದಿಯವರೆಗೆ 64 ಮೀರಬಾರದು. ಕೂತಾಗಿನ ಎತ್ತರ 81.5ರಿಂದ 96. ಮನೆಯ ಅಳತೆ ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತದೆ, ಮಕ್ಕಳು ಇನ್ನೂ ಬೆಳೆಯುತ್ತಿರುತ್ತಾರೆ, ಆದ್ದರಿಂದ ಸುಮ್ನೆ ಧೈರ್ಯಗೆಡಬೇಡಿ. ಆದರೆ ಒಂದು ಅಂದಾಜಂತೂ ಸಿಗುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಯುಪಿಎಸ್‌ಸಿ ಅಧಿಸೂಚನೆಯಲ್ಲಿ ಕೊನೆಗೆ ಕೊಡುವ ಮೆಡಿಕಲ್ ಪುಟಗಳನ್ನು ಓದಲೇಬೇಕು.

ಇಷ್ಟು ಬಿಡಿಸಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಧಾಯರಿಯ ಒಬ್ಬ ಹುಡುಗ ಎರಡು ವರ್ಷ ಒಂದು ಕೋಚಿಂಗ್ ಕ್ಲಾಸಿಗೆ ಹೋದ. ಅಪ್ಪ ಟೆಂಪೊ ಓಡಿಸುತ್ತಾರೆ, ಊರಿನ ಹೊಲದ ಮೇಲೆ ಸಾಲ ತೆಗೆದು ಫೀ ಕಟ್ಟಿದ್ದರು. ಹುಡುಗ ಮೊದಲ ದಿನದಿಂದ ದಪ್ಪ ಮೈನಸ್ ಕನ್ನಡಕ ಹಾಕಿಕೊಂಡೇ ಮುಂದಿನ ಬೆಂಚಲ್ಲಿ ಕೂರುತ್ತಿದ್ದ. ಅವನು ಪೈಲಟ್ ಆಗಬೇಕು ಅನ್ನುತ್ತಿದ್ದದ್ದು ಆ ಕ್ಲಾಸಿನವರಿಗೆ ಗೊತ್ತಿತ್ತು. ಒಬ್ಬರೂ ಅವನ ಕನ್ನಡಕದ ಕಡೆ ಬೆರಳು ಮಾಡಿ, ಮಗಾ, ಫ್ಲೈಯಿಂಗ್ ನಿನಗೆ ಆಗುವುದಿಲ್ಲ, ಭೂಸೇನೆಗೆ ಮನಸ್ಸಿದ್ದರೆ ಹೇಳು ಅಂತ ಅನ್ನಲಿಲ್ಲ. ಒಂದು ಕಣ್ಣಿನ ಪರೀಕ್ಷೆಗೆ ಎಷ್ಟು ಖರ್ಚು? ಕೋಚಿಂಗ್ ಫೀ ಕಟ್ಟುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಫ್ಲೈಯಿಂಗ್‌ಗೆ ಬೇಕಾದ ಕಣ್ಣು ನೋಡಿ ಅಂತ ಕೇಳಿ. ಇದಿಷ್ಟನ್ನು ಎಲ್ಲ ತಂದೆತಾಯಂದಿರಿಗೂ ಕೈಮುಗಿದು ಹೇಳುತ್ತೇನೆ.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪುಸ್ತಕಗಳು ಬೇಕಾದಷ್ಟಿವೆ. ಗಣಿತಕ್ಕೆ 300 ಅಂಕ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸೇರಿದ ಪತ್ರಿಕೆಗೆ 600, ಒಂದೊಂದಕ್ಕೂ ಎರಡೂವರೆ ಗಂಟೆ. ತಪ್ಪಿಗೆ ಅಂಕ ಕಳೆಯುತ್ತಾರೆ. ಅರ್ಜಿ ಶುಲ್ಕ ನೂರು ರೂಪಾಯಿ, ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟರಿಗೆ ಅದೂ ಇಲ್ಲ. ಗಣಿತದ ಟೀಚರಾಗಿ ಒಂದು ಮಾತು: ಹನ್ನೊಂದನೇ ತರಗತಿಯ ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್ ಗಟ್ಟಿಯಾಗಿದ್ದರೆ ಅರ್ಧ ಕೆಲಸ ಆದ ಹಾಗೆ. ಅಡ್ಡಿ ಇರುವುದು ಭಾಷೆಯಲ್ಲಿ. ಪ್ರಶ್ನೆ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಇಂಗ್ಲಿಷಿಗೇ 200 ಅಂಕ. ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದವರಿಗೆ ಇದು ಭಾರವೇ. ಆದರೆ ಹತ್ತನೇ ತರಗತಿಯಿಂದ ದಿನಾ ಒಂದು ಇಂಗ್ಲಿಷ್ ಪೇಪರ್ ಓದಿದ ಮಗುವಿಗೆ ಎರಡು ವರ್ಷದಲ್ಲಿ ಆ ಭಾರ ಇಳಿಯುತ್ತದೆ. ಹನ್ನೆರಡರಲ್ಲಿ ಶುರು ಮಾಡಿದರೆ ಇಳಿಯುವುದಿಲ್ಲ.

ನಮ್ಮ ಮಕ್ಕಳು ನಿಜವಾಗಿ ಎಡವುವುದು ಬರವಣಿಗೆಯ ಪರೀಕ್ಷೆ ಪಾಸಾದ ಮೇಲೆ, ಎಸ್‌ಎಸ್‌ಬಿಯಲ್ಲಿ, ಅಂದರೆ ಸೇನೆಯ ಆಯ್ಕೆ ಮಂಡಳಿಯ ಮುಂದೆ. ಇದಕ್ಕೆ 900 ಅಂಕ, ಅಂದರೆ ಬರೆದ ಪರೀಕ್ಷೆಯಷ್ಟೇ. ಐದು ದಿನ ಅಲ್ಲೇ ಉಳಿಯಬೇಕು. ವಾಯುಪಡೆಗೆ ಇಂಥ ಆಯ್ಕೆ ಮಂಡಳಿಗಳು ನಾಲ್ಕಾರು ಊರಲ್ಲಿವೆ, ಅದರಲ್ಲಿ ಒಂದು ನಮ್ಮ ಮೈಸೂರಿನಲ್ಲೇ. ಮೊದಲ ದಿನ ಒಂದು ಮಸುಕು ಚಿತ್ರವನ್ನು ಮೂವತ್ತು ಸೆಕೆಂಡ್ ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು, ಆಮೇಲೆ ಗುಂಪಿನಲ್ಲಿ ಕೂತು ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು. ಅಲ್ಲಿ ಹತ್ತು ಹದಿನೈದು ಜನ ಒಟ್ಟಿಗೆ ಮಾತಾಡುತ್ತಿರುತ್ತಾರೆ. ಬಾಯಿ ಬಿಡದವರು ಅವತ್ತೇ ಮಧ್ಯಾಹ್ನ ಬ್ಯಾಗ್ ಎತ್ತಿಕೊಂಡು ವಾಪಸ್. ಉಳಿದವರಿಗೆ ಮಾರನೆಯ ದಿನ ಅರವತ್ತು ಪದ ತೋರಿಸುತ್ತಾರೆ, ಒಂದೊಂದಕ್ಕೆ ಹದಿನೈದು ಸೆಕೆಂಡ್, ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಅರವತ್ತು ಸನ್ನಿವೇಶ ಕೊಟ್ಟು ನೀನಾದರೆ ಏನು ಮಾಡುತ್ತೀ ಅಂತ ಕೇಳುತ್ತಾರೆ, ಅರ್ಧ ಗಂಟೆಯಲ್ಲಿ ಮುಗಿಸಬೇಕು. ಬಯಲಿನಲ್ಲಿ ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು ಗುಂಪಿನೊಂದಿಗೆ ಅಡೆತಡೆ ದಾಟಿಸುತ್ತಾರೆ. ಒಂದು ಗಂಟೆಯವರೆಗೂ ಹೋಗಬಹುದಾದ ಸಂದರ್ಶನದಲ್ಲಿ ಮನೆಯ ಬಗ್ಗೆ, ಗೆಳೆಯರ ಬಗ್ಗೆ, ಸೋತದ್ದರ ಬಗ್ಗೆ ಕೇಳುತ್ತಾರೆ. ಇದಕ್ಕೆ ಉರುಹೊಡೆದ ಉತ್ತರ ನಡೆಯುವುದಿಲ್ಲ. ಕ್ಲಾಸಿನಲ್ಲಿ ಬರೆದುಕೊಟ್ಟ ಉತ್ತರವನ್ನು ಹತ್ತು ಹುಡುಗರು ಅದೇ ಮಾತಿನಲ್ಲಿ ಹೇಳಿದರೆ ಅಷ್ಟು ವರ್ಷ ಅದೇ ಕೆಲಸ ಮಾಡಿದ ಅಧಿಕಾರಿಗೆ ತಿಳಿಯದೇ ಇರುತ್ತದೆಯೇ?

ನಮ್ಮ ಮನೆಗಳಲ್ಲಿ ಮಕ್ಕಳಿಗೆ ದೊಡ್ಡವರ ಮುಂದೆ ಎದುರು ಮಾತಾಡಬೇಡ ಅಂತ ಕಲಿಸುತ್ತೇವೆ. ಅದರಲ್ಲಿ ಮರ್ಯಾದೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಮಗು ಎಸ್‌ಎಸ್‌ಬಿಯಲ್ಲಿ ತಲೆ ತಗ್ಗಿಸಿ ಕೂರುತ್ತದೆ. ಮನೆಯ ಲೆಕ್ಕ ಬರೆಯುವುದು, ತಮ್ಮನನ್ನು ಶಾಲೆಗೆ ಸೇರಿಸುವ ಅರ್ಜಿ ತುಂಬುವುದು, ಗಣೇಶೋತ್ಸವದ ಮಂಡಳದಲ್ಲಿ ಒಂದು ಜವಾಬ್ದಾರಿ ಹೊರುವುದು, ತಂಡದಲ್ಲಿ ಕಬಡ್ಡಿ ಆಡುವುದು, ಇವೆಲ್ಲ ಅಲ್ಲಿ ಕೆಲಸಕ್ಕೆ ಬರುತ್ತವೆ. ಇವನ್ನು ಎರಡು ವಾರದ ಕ್ರ್ಯಾಶ್ ಕೋರ್ಸಿನಲ್ಲಿ ಯಾರೂ ಕಲಿಸಲಾರರು.

ಪೈಲಟ್ ಆಗುವವರಿಗೆ ಇನ್ನೂ ಒಂದು ಪರೀಕ್ಷೆ ಇದೆ, ಸಿಪಿಎಸ್‌ಎಸ್ ಅಂತ. ಕಂಪ್ಯೂಟರ್ ಮುಂದೆ ಜಾಯ್‌ಸ್ಟಿಕ್ ಮತ್ತು ಪೆಡಲ್ ಕೊಟ್ಟು, ಕೈ, ಕಾಲು, ಕಣ್ಣು, ಕಿವಿ ಒಟ್ಟಿಗೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ನೋಡುತ್ತಾರೆ. ಇದು ಜೀವನದಲ್ಲಿ ಒಂದೇ ಸಲ. ಫೇಲಾದರೆ ವಾಯುಪಡೆಯಲ್ಲಿ ಪೈಲಟ್ ಆಗುವ ಮಾತು ಅಲ್ಲಿಗೆ ಮುಗಿಯಿತು, ಮುಂದೆ ಎಷ್ಟು ಸಲ ಎಸ್‌ಎಸ್‌ಬಿ ಪಾಸಾದರೂ ಅಷ್ಟೇ. ಆದ್ದರಿಂದ ಹಿಂದಿನ ರಾತ್ರಿ ನಿದ್ದೆಗೆಟ್ಟು ಕೂರಬಾರದು, ಯಂತ್ರದ ಮುಂದೆ ಕೂರಿಸುವ ಮೊದಲು ಕೊಡುವ ಸೂಚನೆಗಳನ್ನು ಗಮನ ಕೊಟ್ಟು ಕೇಳಬೇಕು. ಇದೆಲ್ಲ ದಾಟಿದ ಮೇಲೆ ಮೆಡಿಕಲ್. ಅದು ದೆಹಲಿಯಲ್ಲಿ ಅಥವಾ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಒಂದೊಂದು ಎನ್‌ಡಿಎ ಪರೀಕ್ಷೆಗೂ ಸುಮಾರು 400 ಸೀಟು, ಅದರಲ್ಲಿ ವಾಯುಪಡೆಯ ಫ್ಲೈಯಿಂಗ್‌ಗೆ 92. ಲಕ್ಷಗಟ್ಟಲೆ ಮಕ್ಕಳು ಅರ್ಜಿ ಹಾಕುತ್ತಾರೆ. ಕಷ್ಟವೇ, ಸುಳ್ಳು ಹೇಳುವುದಿಲ್ಲ.

ಆಯ್ಕೆಯಾದವರು ಖಡಕವಾಸ್ಲಾದಲ್ಲಿ ಮೂರು ವರ್ಷ ಓದಿ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಡಿಗ್ರಿ ಪಡೆಯುತ್ತಾರೆ. ಓದು, ಊಟ, ವಸತಿ, ತರಬೇತಿ ಎಲ್ಲ ಸರ್ಕಾರದ್ದು. ಸೇರುವಾಗ ಬಟ್ಟೆ, ಕೈಖರ್ಚು ಅಂತ ಸ್ವಲ್ಪ ಹಣ ಇಡಬೇಕಾಗುತ್ತದೆ ಅಷ್ಟೇ. ಅಲ್ಲಿಂದ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ಏರ್ ಫೋರ್ಸ್ ಅಕಾಡೆಮಿ. ಅಲ್ಲಿ ಪಿಲಾಟಸ್ ಎಂಬ ಪುಟ್ಟ ಸ್ವಿಸ್ ವಿಮಾನದಲ್ಲಿ ಹಾರಾಟದ ಮೊದಲ ಪಾಠ. ಫೈಟರ್ ಪೈಲಟ್ ಅಂತ ಯಾರನ್ನೂ ಪರೀಕ್ಷೆಯಲ್ಲೇ ಆರಿಸುವುದಿಲ್ಲ, ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ದುಂಡಿಗಲ್‌ನಲ್ಲಿ ಹೇಗೆ ಹಾರಿಸುತ್ತಾರೆ, ಎಷ್ಟು ಬೇಗ ಕಲಿಯುತ್ತಾರೆ, ಪಡೆಗೆ ಎಷ್ಟು ಜನ ಬೇಕು ಅನ್ನುವುದರ ಮೇಲೆ ಕೆಲವರು ಫೈಟರ್‌ಗೆ, ಕೆಲವರು ಸಾರಿಗೆ ವಿಮಾನಕ್ಕೆ, ಕೆಲವರು ಹೆಲಿಕಾಪ್ಟರ್‌ಗೆ ಹೋಗುತ್ತಾರೆ. ಫೈಟರ್ ಸಿಕ್ಕವರು ಹಾಕ್ ಜೆಟ್ ಕಲಿಯಲು ಎಲ್ಲಿಗೆ ಬರುತ್ತಾರೆ ಗೊತ್ತಾ? ನಮ್ಮ ಬೀದರಿಗೆ! ಆ ಹಾಕ್ ವಿಮಾನಗಳಲ್ಲಿ ಹೆಚ್ಚಿನವು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಮೈಸೂರು, ಬೆಂಗಳೂರು, ಬೀದರ್, ದಾರಿಯುದ್ದಕ್ಕೂ ನಮ್ಮ ಊರುಗಳೇ ಇವೆ, ಆ ದಾರಿಯಲ್ಲಿ ನಮ್ಮ ಮಕ್ಕಳೂ ಇನ್ನಷ್ಟು ಕಾಣಬೇಕು ಅನ್ನೋದು ನನ್ನ ಆಸೆ.

ಎನ್‌ಡಿಎ ವಯಸ್ಸು ಮೀರಿದವರು ಎದೆಗುಂದಬೇಕಿಲ್ಲ. ಡಿಗ್ರಿ ಮಾಡಿ ಎಎಫ್‌ಕ್ಯಾಟ್ ಎಂಬ ವಾಯುಪಡೆಯದೇ ಪ್ರವೇಶ ಪರೀಕ್ಷೆ ಬರೆಯಬಹುದು, ಅದಕ್ಕೆ 20ರಿಂದ 24 ವರ್ಷ. ಡಿಗ್ರಿ ಯಾವುದೇ ಇರಲಿ, ಹನ್ನೆರಡರಲ್ಲಿ ಗಣಿತ, ಭೌತಶಾಸ್ತ್ರ ಇರಲೇಬೇಕು. ಹೀಗೆ ಸೇರಿದವರ ಸೇವೆ 14 ವರ್ಷ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ 'ಸಿ' ಸರ್ಟಿಫಿಕೇಟ್ ಪಡೆದವರಿಗೆ ಆ ಬರವಣಿಗೆಯ ಪರೀಕ್ಷೆ ಇಲ್ಲದೆಯೇ ಎಸ್‌ಎಸ್‌ಬಿಗೆ ಹೋಗುವ ದಾರಿ ಇದೆ. ಗೋವಾದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು: ದಾಬೋಲಿಮ್‌ನಲ್ಲಿ ನಿಮ್ಮ ತಲೆಯ ಮೇಲೆ ಹಾರುವ ಮಿಗ್-29ಕೆ ವಿಮಾನಗಳು ನೌಕಾಪಡೆಯವು. ಹಡಗಿನ ಮೇಲಿಂದ ಏಳುವ, ಹಡಗಿನ ಮೇಲೇ ಇಳಿಯುವ ಫೈಟರ್ ಪೈಲಟ್‌ಗಳೂ ನಮ್ಮಲ್ಲಿದ್ದಾರೆ.

ಎರಡು ಗೊಂದಲ ತಿಳಿಯಾಗಲಿ. ವಾಯುಪಡೆ ಸೇರಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಿಲ್ಲ, ಲಕ್ಷಾಂತರ ಸುರಿದು ಫ್ಲೈಯಿಂಗ್ ಕ್ಲಬ್ ಸೇರಬೇಕಿಲ್ಲ. ಹಾಗೆಯೇ ಅಗ್ನಿವೀರವಾಯು, ಅಂದರೆ ವಾಯುಪಡೆಯ ಅಗ್ನಿವೀರರಾಗಿ ಸೇರಿದವರು ಪೈಲಟ್ ಆಗುವುದಿಲ್ಲ. ಅದೂ ಗೌರವದ ಕೆಲಸವೇ, ಆದರೆ ಹಾರುವವರು ಅಧಿಕಾರಿಗಳು, ಆ ಅರ್ಜಿಯೇ ಬೇರೆ.

ಹೆಣ್ಣುಮಕ್ಕಳ ತಂದೆತಾಯಂದಿರೇ, ನಿಮಗೂ ಹೇಳುತ್ತೇನೆ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರ ಜೂನ್‌ನಲ್ಲೇ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದರು. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎನ್‌ಡಿಎ ಬಾಗಿಲು ಹುಡುಗಿಯರಿಗೂ ತೆರೆಯಿತು, ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಖಡಕವಾಸ್ಲಾದಿಂದ ಪಾಸಾಗಿ ಹೊರಬಂದರು. ಅಲ್ಲಿ ಫ್ಲೈಯಿಂಗ್‌ನಲ್ಲಿ ಹುಡುಗಿಯರಿಗೆ ಸೀಟು ಇನ್ನೂ ಬೆರಳೆಣಿಕೆಯಷ್ಟೇ, ಇದು ಜಾಸ್ತಿಯಾಗಲೇಬೇಕು. ಅಲ್ಲಿಯವರೆಗೆ ಎಎಫ್‌ಕ್ಯಾಟ್ ದಾರಿಯನ್ನೂ ಮನಸ್ಸಿನಲ್ಲಿಡಿ.

ಅಪಾಯದ ಬಗ್ಗೆ ತಾಯಂದಿರು ಕೇಳುತ್ತಾರೆ. ಕೇಳಬೇಕಾದ್ದೇ. ಶಾಂತಿಕಾಲದಲ್ಲೂ ವಿಮಾನಗಳು ಬೀಳುತ್ತವೆ. ಜೋರಾಗಿ ತಿರುಗುವಾಗ ದೇಹದ ತೂಕ ಒಂಬತ್ತು ಪಟ್ಟಿನವರೆಗೂ ಹೋಗುತ್ತದೆ, ರಕ್ತ ತಲೆಯಿಂದ ಕೆಳಗಿಳಿದು ಕಣ್ಣು ಕತ್ತಲಿಡುತ್ತದೆ, ಅದನ್ನು ತಡೆಯುವುದನ್ನೂ ಅವರು ಕಲಿಯಬೇಕು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದುಕೊಂಡು ತಮಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದರು. ವಾಪಸ್ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಈ ಕಥೆಯನ್ನು ಮಕ್ಕಳಿಗೆ ಪೂರ್ತಿ ಹೇಳಿ, ವಾಪಸ್ ಬರಲಿಲ್ಲ ಅನ್ನುವುದನ್ನೂ ಸೇರಿಸಿ. ಕೇಳಿದ ಮೇಲೂ ಹೋಗುತ್ತೇನೆ ಅನ್ನುವ ಮಗುವನ್ನು ತಡೆಯಬೇಡಿ.

ಇನ್ನು ನನ್ನ ಬೇಡಿಕೆ. ಯುಪಿಎಸ್‌ಸಿ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಒಮ್ಮೆ, ಮೇ ಕೊನೆಗೆ ಒಮ್ಮೆ ಎನ್‌ಡಿಎ ಅಧಿಸೂಚನೆ ಹೊರಡಿಸುತ್ತದೆ. ಆ ವಾರ ನಿಮ್ಮ ಪತ್ರಿಕೆಯಲ್ಲಿ ಹುಟ್ಟಿದ ದಿನಾಂಕದ ಮಿತಿ, ಬೇಕಾದ ವಿಷಯಗಳು, ಕೊನೆಯ ದಿನ, ಈ ಮೂರನ್ನು ದಪ್ಪ ಅಕ್ಷರದಲ್ಲಿ ಹಾಕಿ. ಮಹಾರಾಷ್ಟ್ರ ಸರ್ಕಾರವೇ ಹತ್ತನೇ ತರಗತಿ ಮುಗಿಸಿದ ಹುಡುಗರಿಗೆ ಛತ್ರಪತಿ ಸಂಭಾಜಿನಗರದಲ್ಲಿ, ಹುಡುಗಿಯರಿಗೆ ನಾಸಿಕ್‌ನಲ್ಲಿ ಎನ್‌ಡಿಎ ತಯಾರಿಯ ಸಂಸ್ಥೆ ನಡೆಸುತ್ತಿದೆ. ಅದು ಮರಾಠಿಯವರಿಗೆ ಮಾತ್ರ ಅಂತ ನಮ್ಮವರು ಅಂದುಕೊಂಡು ಸುಮ್ಮನಿದ್ದಾರೆ. ಇಲ್ಲೇ ವರ್ಷಗಟ್ಟಲೆ ಇದ್ದು ಡೊಮಿಸೈಲ್ ಸರ್ಟಿಫಿಕೇಟ್ ಮಾಡಿಸಿಕೊಂಡವರ ಮಕ್ಕಳೂ ಅರ್ಜಿ ಹಾಕಬಹುದು. ಅದರ ಪ್ರಕಟಣೆಯನ್ನೂ ಕನ್ನಡದಲ್ಲಿ ಕೊಡಿ.

ಪುಣೆ, ಮುಂಬೈ, ಗೋವಾದ ಕನ್ನಡ ಸಂಘದವರಲ್ಲೂ ಕೇಳುತ್ತೇನೆ. ರಾಜ್ಯೋತ್ಸವಕ್ಕೆ ಹಾಡು, ಕುಣಿತ, ಸನ್ಮಾನ ಎಲ್ಲ ಇರಲಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹಾಲ್ ಬಿಟ್ಟುಕೊಡಿ. ಪುಣೆಯಲ್ಲಿ ನಿವೃತ್ತ ಸೇನಾಧಿಕಾರಿಗಳಿಗೆ ಬರವಿಲ್ಲ, ಕನ್ನಡ ಮಾತಾಡುವವರೂ ಇದ್ದಾರೆ, ಕರೆದರೆ ಖುಷಿಯಿಂದ ಬರುತ್ತಾರೆ. ಒಬ್ಬ ಕಣ್ಣಿನ ಡಾಕ್ಟರನ್ನೂ ಕರೆಸಿ. ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ತಂದೆತಾಯಿಯ ಜೊತೆ ಕೂರಿಸಿ. ವಾರಜೆ, ಶಿವಣೆ, ಧಾಯರಿ ಕಡೆ ಯಾರಾದರೂ ಇದನ್ನು ಮಾಡುವುದಾದರೆ ಗಣಿತದ ಭಾಗ ಹೇಳಿಕೊಡಲು ನಾನು ಬರುತ್ತೇನೆ, ದುಡ್ಡು ಬೇಡ.

ಇಂತಿ,
ಒಬ್ಬ ಗಣಿತ ಶಿಕ್ಷಕಿ
ವಾರಜೆ, ಪುಣೆ